ಟಾರ್ಪಾಲಿನ ಅಡಿಯಲ್ಲೊಂದು ಹೆರಾಲ್ಡ್

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಅಡ್ಡರಸ್ತೆಗಳು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಬೇರೆಯೇ ಊರಿನ ರಸ್ತೆಗಳಂತಿರುತ್ತವೆ. ಸ್ಕೂಟರುಗಳ ಸಾಲು ಇನ್ನೂ ಹೊರಬಿದ್ದಿರುವುದಿಲ್ಲ, ತರಕಾರಿ ಗಾಡಿಯವನ ಕೂಗು ದೂರದಿಂದಲೇ ಕೇಳುತ್ತದೆ, ಕಾಂಪೌಂಡಿನ ಒಳಗೇನಿದೆ ಎಂದು ನಿಂತು ನೋಡಲು ಜಾಗವೂ ಪುರಸೊತ್ತೂ ಸಿಗುತ್ತದೆ. ಅಂಥ ಹೊತ್ತಿನಲ್ಲಿ ಹಳೇ ಹೆಂಚಿನ ಮನೆಯೊಂದರ ಗೇಟಿನ ಹಿಂದೆ, ಮಾವಿನ ಮರದ ಕೆಳಗೆ, ನೀಲಿ ಟಾರ್ಪಾಲು ಹೊದ್ದ ಆಕಾರವೊಂದು ಕಣ್ಣಿಗೆ ಬೀಳಬಹುದು. ಮೇಲೆ ಒಣಗಿದ ಎಲೆಗಳ ರಾಶಿ. ಟಾರ್ಪಾಲಿನ ಅಂಚು ಗಾಳಿಗೆ ತುಸು ಎದ್ದಾಗ ಒಂದು ಚಕ್ರ, ಮಂಕಾದ ಬಂಪರಿನ ತುದಿ ಮಾತ್ರ ಕಾಣುತ್ತದೆ.

ದಾರಿಹೋಕರಿಗೆ ಅದು ಮೂಲೆ ಹಿಡಿದ ಹಳೇ ಗಾಡಿ. ಹಳೇ ಕಾರಿನ ಹುಚ್ಚು ಹತ್ತಿದವರಿಗೆ ಅಷ್ಟು ಕುರುಹು ಸಾಕು, ಕಾಲು ಮುಂದಕ್ಕೆ ಹೋಗುವುದಿಲ್ಲ. ಬಾಗಿಲಿನ ತುಸು ಮುಂದೆ, ಮಡ್‌ಗಾರ್ಡನ್ನು ಅಡ್ಡ ಸೀಳಿದಂತೆ ಮೇಲಿಂದ ಕೆಳಗೆ ಇಳಿದ ಸಂದು ಕಂಡರೆ ಅದು ಹೆರಾಲ್ಡ್. ಆ ಕಾರಿನಲ್ಲಿ ಬಾನೆಟ್ ಎಂಬುದು ಎಂಜಿನ್ನಿನ ಮೇಲಿನ ಮುಚ್ಚಳವಷ್ಟೇ ಅಲ್ಲ. ಹೆಡ್‌ಲೈಟು, ಎರಡೂ ಬದಿಯ ಮಡ್‌ಗಾರ್ಡು ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಮೆಕ್ಯಾನಿಕ್ ಮುಂದಿನ ಟೈರಿನ ಮೇಲೆ ಆರಾಮಾಗಿ ಕುಳಿತು ಪ್ಲಗ್ ಬಿಚ್ಚಬಹುದು. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪಿಸಿದ ಈ ಇಂಗ್ಲಿಷ್ ಕಾರು ಸುಮಾರು 25 ಅಡಿಯ ವೃತ್ತದಲ್ಲಿ ಪೂರ್ತಿ ತಿರುಗಿಬಿಡುತ್ತಿತ್ತು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ಅದನ್ನು ಇಲ್ಲಿ ತಯಾರಿಸಿತು. ಇಂಗ್ಲೆಂಡಿನಲ್ಲಿ ಹೆರಾಲ್ಡ್ ಎಂದರೆ ಎರಡು ಬಾಗಿಲಿನ ಕಾರು. ನಾಲ್ಕು ಬಾಗಿಲಿನ ಹೆರಾಲ್ಡ್ ತಯಾರಾದದ್ದು ಭಾರತದಲ್ಲಿ ಮಾತ್ರ. ಅಜ್ಜಿ, ಮೊಮ್ಮಕ್ಕಳು, ಮದುವೆಮನೆಯ ಬುಟ್ಟಿ ಎಲ್ಲವೂ ಒಂದೇ ಕಾರಿನಲ್ಲಿ ಹೋಗಬೇಕಾದ ನಾಡಿಗೆ ಹಿಂದಿನ ಸೀಟಿಗೆ ಬೇರೆ ಬಾಗಿಲು ಬೇಕೇಬೇಕಿತ್ತು.

ಹಳೇ ಕಾರು ಎಂದೊಡನೆ ಅರಮನೆ ನೆನಪಾಗುವುದು ಸಹಜ. ಮೈಸೂರಿನ ಮಹಾರಾಜರು ರೋಲ್ಸ್‌ರಾಯ್ಸ್ ಕಾರುಗಳನ್ನು ಒಮ್ಮೆಗೆ ಏಳರಂತೆ ಕೊಳ್ಳುತ್ತಿದ್ದರು ಎಂಬ ಕಥೆಯನ್ನು ಕಾರು ಪ್ರಿಯರು ದೇಶದ ಉದ್ದಗಲಕ್ಕೂ ಹೇಳುತ್ತಾರೆ. ಅಂಥ ಕಾರುಗಳಿಗೆ ಕಾವಲುಂಟು, ಗಾಜಿನ ಕೋಣೆಯುಂಟು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲೋ ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಸಂಗ್ರಹಾಲಯದಲ್ಲೋ ಹಳೇ ಮೋಟಾರುಗಳನ್ನು ಕಣ್ತುಂಬ ನೋಡಬಹುದು. ಆದರೆ ಮೇಷ್ಟರು, ವಕೀಲರು, ಡಾಕ್ಟರು, ಕಂಟ್ರಾಕ್ಟರು ಸಾಲ ಮಾಡಿ ಕೊಂಡ ಕಾರುಗಳು ಎಲ್ಲಿ ಹೋದವು? ರಾಜರ ಕಾರು ಹುಟ್ಟಿನಿಂದಲೇ ಅಪರೂಪದ್ದು, ಹಾಗಾಗಿ ಎಲ್ಲರೂ ಜೋಪಾನ ಮಾಡಿದರು. ಬೀದಿಗೊಂದರಂತೆ ಇದ್ದ ಕಾರನ್ನು ಯಾರೂ ಉಳಿಸಬೇಕೆಂದುಕೊಳ್ಳಲಿಲ್ಲ. ಹೆರಾಲ್ಡ್, ಸ್ಟ್ಯಾಂಡರ್ಡ್ 10, ಲ್ಯಾಂಡ್‌ಮಾಸ್ಟರ್‌ಗಳು ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಹೋದವು. ಬಡಾವಣೆ ಸುತ್ತುವವರು ಹುಡುಕುವುದು ಹೀಗೆ ಹೋಗದೆ ಉಳಿದವನ್ನು.

ಇಲ್ಲಿ ಹೆಸರಿನ ಗೊಂದಲವೊಂದಿದೆ. ಹಳೆಯದೆಲ್ಲವನ್ನೂ ವಿಂಟೇಜ್ ಎನ್ನುವುದು ನಮ್ಮಲ್ಲಿ ರೂಢಿ. 1934ರಲ್ಲಿ ಶುರುವಾದ ಬ್ರಿಟನ್ನಿನ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್‌ನ ಲೆಕ್ಕ ಬಿಗಿಯಾದದ್ದು. ಅವರಿಗೆ 1919ರಿಂದ 1930ರ ನಡುವೆ ತಯಾರಾದದ್ದೇ ವಿಂಟೇಜ್. ಅದರ ನಂತರದವು ಕ್ಲಾಸಿಕ್ ಮುಂತಾದ ಬೇರೆ ಬೇರೆ ಗುಂಪಿಗೆ ಸೇರುತ್ತವೆ. ಆ ಅಳತೆಗೋಲು ಹಿಡಿದರೆ ಬೆಂಗಳೂರಿನ ಬೀದಿಯಲ್ಲಿ ಆಕಸ್ಮಿಕವಾಗಿ ಎದುರಾಗುವುದೆಲ್ಲ ಬಹುಪಾಲು ಕ್ಲಾಸಿಕ್.

ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಹಳೇ ಫೋಟೋಗಳಲ್ಲಿ ಷೆವರ್ಲೆ, ಫೋರ್ಡ್, ಆಸ್ಟಿನ್, ಹಿಲ್‌ಮನ್ ಎಂದು ಬಗೆಬಗೆಯ ಕಾರುಗಳು ಕಾಣುತ್ತವೆ. 1960ರ ನಂತರದ ಫೋಟೋಗಳಲ್ಲಿ ಕಾಣುವುದು ಅವವೇ ಮೂರು ನಾಲ್ಕು ಮುಖ. ಇದಕ್ಕೆ ಕಾರಣ ಸರ್ಕಾರದ ನೀತಿ. ಪೂರ್ತಿ ಸಿದ್ಧವಾದ ಕಾರನ್ನು ಹೊರದೇಶದಿಂದ ತರಿಸುವುದಕ್ಕೆ 1949ರಲ್ಲಿ ತಡೆ ಬಿತ್ತು. 1953ರಲ್ಲಿ ಸುಂಕ ಆಯೋಗ ಮುಂದೆ ಹೋಗಿ, ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಿಸುವ ಕಂಪನಿಗಳು ಬಾಗಿಲು ಹಾಕಬೇಕೆಂದಿತು. 1928ರಿಂದ ಮುಂಬೈಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಹೊರಟಿತು, ಫೋರ್ಡ್ ಕೂಡ ಹೊರಟಿತು. ಉಳಿದ ಮುಖ್ಯ ಕಂಪನಿಗಳು ಮೂರು: ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್, ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಮೂರು ದಶಕ ಇಡೀ ದೇಶ ಇವನ್ನೇ ಓಡಿಸಿತು, ಇವಕ್ಕಾಗಿಯೇ ವರ್ಷಗಟ್ಟಲೆ ಸರದಿಯಲ್ಲಿ ಕಾಯಿತು.

ಇವುಗಳಲ್ಲಿ ಪ್ರೀಮಿಯರ್ ಕಥೆಗೆ ಕನ್ನಡ ನಾಡಿನ ನಂಟಿದೆ. ಪದ್ಮಿನಿಯನ್ನು ಕಂಡಾಗ ಬಹಳ ಜನಕ್ಕೆ ಅದು ನೆನಪಾಗುವುದಿಲ್ಲ. ಭಾರತದಲ್ಲಿ ಕಾರು ಕಾರ್ಖಾನೆ ಆಗಲೇಬೇಕೆಂದು ಪಟ್ಟು ಹಿಡಿದವರಲ್ಲಿ ಮೊದಲಿಗರು ಸರ್ ಎಂ. ವಿಶ್ವೇಶ್ವರಯ್ಯ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯೂರೋಪ್ ಮತ್ತು ಅಮೆರಿಕಗಳ ಕಾರು ಕಾರ್ಖಾನೆಗಳನ್ನು ಸುತ್ತಿ ನೋಡಿಕೊಂಡು ಬಂದು ಅವರು ಯೋಜನೆ ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಒಪ್ಪಂದವಾಯಿತು, ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ಹಾಕುವ ಮಾತುಕತೆಯೂ ನಡೆಯಿತು. ಯುದ್ಧದ ಕಾಲ, ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಅದೇ ವಾಲ್‌ಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು, ಇಂದಿನ ಎಚ್‌ಎಎಲ್. ಬೆಂಗಳೂರಿಗೆ ವಿಮಾನ ಬಂತು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬೈಯಲ್ಲಿ ನೆಲೆ ಕಂಡಿತು.

ಆ ಕಾರ್ಖಾನೆಯಿಂದ ಮೊದಲು ಬಂದವು ಡಾಡ್ಜ್, ಪ್ಲಿಮತ್, ಡಿಸೋಟೊಗಳಂಥ ಭಾರೀ ಗಾಡಿಗಳು. ಮನೆಮಂದಿ ಒಗ್ಗಿಕೊಂಡದ್ದು 1954ರಿಂದ ಬಂದ ಫಿಯೆಟ್ 1100ಕ್ಕೆ. ಮುಂಬೈಯವರು ಅದರ ಗುಂಡು ಮೈ ಕಂಡು ಮರಾಠಿಯಲ್ಲಿ ‘ಡುಕ್ಕರ್’, ಅಂದರೆ ಹಂದಿ, ಎಂದು ಅಕ್ಕರೆಯಿಂದಲೇ ಕರೆದರು. ಇವತ್ತು ಯಾವುದಾದರೂ ಪೋರ್ಟಿಕೋದಲ್ಲಿ ಅದು ನಿಂತಿದ್ದರೆ ಗುರುತು ಹಿಡಿಯುವ ಬಗೆ ಸುಲಭ. ಮುಂದಿನ ಬಾಗಿಲಿನ ಹಿಡಿ ಎಲ್ಲಿದೆ ನೋಡಬೇಕು. ಡುಕ್ಕರ್ ಫಿಯೆಟ್ಟಿನ ಮುಂದಿನ ಬಾಗಿಲಿಗೆ ಕೀಲು ಹಿಂಬದಿಗಿದೆ, ಹಳೇ ಬೀರುವಿನ ಜೋಡಿ ಕದಗಳಂತೆ ಮುಂದಿನ ಬಾಗಿಲು ಒಂದು ಕಡೆ, ಹಿಂದಿನದು ಇನ್ನೊಂದು ಕಡೆ ತೆರೆಯುತ್ತದೆ. ಚಲಿಸುವಾಗ ಬಾಗಿಲ ಚಿಲಕ ಜಾರಿದರೆ ಗಾಳಿಯೇ ಬಾಗಿಲನ್ನು ಎಳೆದುಬಿಡುವ ಅಪಾಯವಿತ್ತು. 1964ರ ಸುಮಾರಿಗೆ ಬಂದ ಡಿಲೈಟ್ ಮಾದರಿಯಲ್ಲಿ ಆ ಕೀಲು ಮುಂದಕ್ಕೆ ಬಂತು. ಅದೇ ಡಿಲೈಟ್ ಆಮೇಲೆ ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಹೆಸರು ಬದಲಾದರೂ 1089 ಸಿಸಿ ಎಂಜಿನ್ನೂ, ಸ್ಟಿಯರಿಂಗ್ ಪಕ್ಕದ ಗೇರೂ, ಹಿಂಬದಿಯ ಪುಟ್ಟ ರೆಕ್ಕೆಗಳೂ ಅವೇ. ಹೊಸ ಶತಮಾನದ ಹೊಸ್ತಿಲವರೆಗೂ ಅದು ತಯಾರಾಯಿತು. 2003ರ ಅಕ್ಟೋಬರಿನಲ್ಲಿ ನೋಂದಣಿಯಾಗಿದ್ದ ಕೊನೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷದ ಮಿತಿ ಮುಗಿದು, 2023ರ ಅಕ್ಟೋಬರ್ 30ರಿಂದ ಮುಂಬೈ ಬೀದಿಗಳಲ್ಲಿ ಆ ಕಪ್ಪು ಹಳದಿ ಟ್ಯಾಕ್ಸಿಗಳು ಇಲ್ಲವಾದವು. ಒಂದು ಕಾಲಕ್ಕೆ ಆ ಊರಿನ ಗುರುತೇ ಅವಾಗಿದ್ದವು.

ಅಂಬಾಸಿಡರನ್ನು ಗುರುತು ಹಿಡಿಯಲು ಯಾರಿಗೂ ಪಾಠ ಬೇಕಿಲ್ಲ ಎನ್ನಿಸುತ್ತದೆ. ಸರ್ಕಾರಿ ಕಚೇರಿಯ ಮುಂದೆ ಬಿಳಿ ಬಣ್ಣದಲ್ಲಿ ನಿಂತಿರುತ್ತಿದ್ದ ಆ ಆಕಾರ ನಲವತ್ತು ದಾಟಿದ ಎಲ್ಲರ ಕಣ್ಣಲ್ಲೂ ಇದೆ. ಆದರೆ ಅದರ ವಯಸ್ಸನ್ನು ಹೇಳುವುದು ಬೇರೆಯೇ ವಿದ್ಯೆ. ಗ್ರಿಲ್ ನೋಡಿ ಹೇಳಬೇಕು. ಚೌಕುಳಿ ಚೌಕುಳಿಯಾಗಿ ಜಾಲರಿಯಂತಿದ್ದರೆ 1960ರ ದಶಕದ ಮಾರ್ಕ್ 2. ಪಟ್ಟಿಗಳು ಅಡ್ಡಡ್ಡ ಮಲಗಿದ್ದರೆ 1970ರ ದಶಕದ ಮಾರ್ಕ್ 3. ಹಿಂಬದಿಗೆ ರೆಕ್ಕೆಯೇ ಇಲ್ಲದೆ ಬೆನ್ನು ಗುಂಡಗೆ ಇಳಿದು, ಬಾನೆಟ್ ನುಣ್ಣಗಿದ್ದರೆ ಅದು ಅಂಬಾಸಿಡರೇ ಅಲ್ಲ, ಅದರ ಅಣ್ಣ ಲ್ಯಾಂಡ್‌ಮಾಸ್ಟರ್. ಎದುರು ಸಿಕ್ಕರೆ ಅಂದಿನ ನಡಿಗೆ ಸಾರ್ಥಕ.

ಇನ್ನೂ ಅಪರೂಪದ್ದು ಬೇಬಿ ಹಿಂದುಸ್ತಾನ್. ಅದು ಇಂಗ್ಲೆಂಡಿನ ಮಾರಿಸ್ ಮೈನರ್‌ನ ಭಾರತದ ಅವತಾರ. ಅಲೆಕ್ ಇಸಿಗೊನಿಸ್ ಆ ಕಾರನ್ನು ರೂಪಿಸುತ್ತಿದ್ದಾಗ ತಯಾರಾದ ನಮೂನೆ ತೀರಾ ಕಿರಿದೆನ್ನಿಸಿ, ಅದನ್ನು ಉದ್ದಕ್ಕೆ ಎರಡು ಸೀಳಾಗಿ ಕತ್ತರಿಸಿ ನಡುವೆ ಅಂತರ ಬಿಟ್ಟು ಕಣ್ಣಳತೆ ನೋಡಿದರು. ನಾಲ್ಕು ಇಂಚು ಅಗಲವಾದಾಗ ಸರಿ ಕಂಡಿತು. ಅಷ್ಟು ಹೊತ್ತಿಗಾಗಲೇ ಬಂಪರುಗಳು ಹಳೇ ಅಳತೆಗೆ ತಯಾರಾಗಿ ಕುಳಿತಿದ್ದವು. ಅವನ್ನು ಬಿಸಾಡದೆ ಮಧ್ಯದಲ್ಲಿ ಕತ್ತರಿಸಿ ನಾಲ್ಕು ಇಂಚಿನ ಪಟ್ಟಿ ಸೇರಿಸಿದರು. ಮೊದಮೊದಲ ಮೈನರ್‌ಗಳ ಬಂಪರಿನ ನಡುವೆ ಆ ತೇಪೆ ಇವತ್ತಿಗೂ ಇದೆ, ಬಾನೆಟ್ಟಿನ ನಡುಮಧ್ಯೆ ಸಪಾಟು ಪಟ್ಟಿಯಿದೆ. ಎಪ್ಪತ್ತೈದು ವರ್ಷದ ಹಿಂದೆ ಒಬ್ಬ ಎಂಜಿನಿಯರ್ ಮನಸ್ಸು ಬದಲಿಸಿದ ಗುರುತನ್ನು ಬೆರಳಿಟ್ಟು ಮುಟ್ಟಬಹುದು ಎಂಬ ಸಂತೋಷ ಸಣ್ಣದಲ್ಲ.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಕಡೆ ಹೋದರೆ ಹುಡುಕಾಟ ಜೀಪುಗಳತ್ತ ತಿರುಗುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ವಿಲೇವಾರಿ ಮಾಡಿದ ಜೀಪುಗಳು ಊರೂರಿಗೆ ಹರಡಿದವು. ನೋಡಲು ಎಲ್ಲ ಒಂದೇ. ಆದರೆ ಯುದ್ಧಕಾಲದ ಜೀಪಿನ ಗ್ರಿಲ್ಲಿನಲ್ಲಿ ಒಂಬತ್ತು ಸೀಳು, ಆಮೇಲಿನ ಸಾರ್ವಜನಿಕರ ಜೀಪಿನಲ್ಲಿ ಏಳು. ಯುದ್ಧಕಾಲದ್ದರಲ್ಲೂ ವಿಲ್ಲೀಸ್ ಮಾಡಿದ್ದೋ ಫೋರ್ಡ್ ಮಾಡಿದ್ದೋ ತಿಳಿಯಬೇಕಾದರೆ ಬಗ್ಗಿ ರೇಡಿಯೇಟರಿನ ಕೆಳಗೆ ನೋಡಬೇಕು. ಚಾಸಿಸ್ಸಿನ ಅಡ್ಡಪಟ್ಟಿ ಕೊಳವೆಯಂತೆ ಗುಂಡಗಿದ್ದರೆ ವಿಲ್ಲೀಸ್, ತಲೆಕೆಳಗಾದ ದೋಣಿಯಂತಿದ್ದರೆ ಫೋರ್ಡ್. ಫೋರ್ಡ್ ತನ್ನ ಜೀಪಿನ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಒತ್ತಿತ್ತು. ಎಂಟು ದಶಕದ ರಿಪೇರಿಯ ನಂತರ ಅಂಥ ಬೋಲ್ಟು ಒಂದೆರಡು ಉಳಿದಿದ್ದರೆ ಅದೇ ದೊಡ್ಡ ಪುಣ್ಯ.

ಬೆಂಗಳೂರಿನವರು ನಿಜಕ್ಕೂ ಹುಡುಕಬೇಕಾದ ಕಾರು ಬೇರೊಂದಿದೆ. ಅದು ಈ ಊರಿನಲ್ಲೇ ಹುಟ್ಟಿದ ಡಾಲ್ಫಿನ್. ಸಿಪಾನಿ ಕಂಪನಿ ಮೊದಲು ಬಾದಲ್ ಎಂಬ ಮೂರು ಚಕ್ರದ ಫೈಬರ್ ಗಾಡಿ ಮಾಡಿತ್ತು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ಆಧಾರದ ಮೇಲೆ 1982ರಲ್ಲಿ ಡಾಲ್ಫಿನ್ ತಂದಿತು. ಎರಡು ಬಾಗಿಲು, 848 ಸಿಸಿಯ ಎಂಜಿನ್, ತಗಡಿನ ಬದಲು ಫೈಬರ್ ಮೈ. ಹಗುರವಾದ ಚುರುಕು ಕಾರು. ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ನಾಲ್ಕು ಬಾಗಿಲಿನೊಂದಿಗೆ ಬಂತು. ಕೆಲವು ವರ್ಷದ ಮೇಲೆ ಸಿಪಾನಿ ನಾಲ್ಕು ಬಾಗಿಲಿನ ಮೊಂಟಾನಾ ತಂದರೂ ಪೈಪೋಟಿಗೆ ನಿಲ್ಲಲಾಗಲಿಲ್ಲ. ಫೈಬರ್ ಮೈಗೆ ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ಡಾಲ್ಫಿನ್‌ಗಳು ಹೆಚ್ಚು ಉಳಿಯಬೇಕಿತ್ತು. ಒಳಗಿನ ಕಬ್ಬಿಣದ ಚಾಸಿಸ್ ತುಕ್ಕು ಹಿಡಿಯಿತು, ಬಿಡಿಭಾಗ ಸಿಗದಾಯಿತು, ಗುಜರಿಯವರಿಗೂ ಫೈಬರ್ ಬೇಡವಾಯಿತು. ಮೈಸೂರಿನ ಜಾವಾ, ಯೆಜ್ಡಿ ಬೈಕುಗಳನ್ನು ಅಭಿಮಾನಿಗಳು ಎದೆಗೊತ್ತಿಕೊಂಡು ಕಾಪಾಡಿದರು. ಬೆಂಗಳೂರಿನ ಈ ಕಾರಿಗೆ ಅಂಥ ಬಳಗ ಬೇಕಿತ್ತು, ಈಗಲೂ ಬೇಕು. ನಾಡಿನ ಕೈಗಾರಿಕೆಯ ಇತಿಹಾಸದಲ್ಲಿ ಅದು ಒಂದು ಅಧ್ಯಾಯವೇ ಸರಿ, ಯಾವುದಾದರೂ ಮನೆಯ ಹಿತ್ತಿಲಲ್ಲಿ ಕೋಳಿಗೂಡಾಗಿ ಮುಗಿಯಬಾರದು.

ನಂಬರ್ ಪ್ಲೇಟ್ ಕೂಡ ಸಾಕ್ಷಿ ಹೇಳುತ್ತದೆ. 1989ರ ನಂತರದ ಗಾಡಿಗಳಿಗೆ ‘ಕೆಎ’ ಎಂದು ಶುರುವಾಗಿ ಆರ್‌ಟಿಒ ಸಂಖ್ಯೆ ಬರುತ್ತದೆ. ಅದಕ್ಕೂ ಹಿಂದೆ ಮೂರು ಅಕ್ಷರಗಳ ಕಾಲ. ರಾಜ್ಯದ ಹೆಸರು ಮೈಸೂರು ಎಂದಿದ್ದಾಗ ನೋಂದಣಿಯಾದವು ‘ಎಂವೈ’ ಎಂದು ಶುರುವಾಗುತ್ತವೆ. ಅಂಥ ಪ್ಲೇಟು ಇನ್ನೂ ಅದೇ ಕಾರಿನ ಮೇಲಿದೆ ಎಂದರೆ ಅದು ಊರು ಬಿಟ್ಟು ಹೋಗಿಲ್ಲ, ಬಹುಶಃ ಮನೆಯನ್ನೂ ಬಿಟ್ಟಿಲ್ಲ ಎಂದರ್ಥ. ಗೇಟಿನ ಬಳಿ ನಿಂತು “ಯಾವ ಇಸವಿ ಗಾಡಿ ಸಾರ್ ಇದು?” ಎಂದು ವಿನಯದಿಂದ ಕೇಳಿದರೆ ಮನೆಯವರು ಬಹುಮಟ್ಟಿಗೆ ಬೇಸರಪಡುವುದಿಲ್ಲ. “ಅರವತ್ತೆರಡು. ನಮ್ಮ ತಂದೆ ತಗೊಂಡಿದ್ದು, ಬನ್ನಿ ಒಳಗೆ” ಎಂದು ಮಾತು ಶುರುವಾದರೆ ಕಾಫಿಯವರೆಗೂ ಬೆಳೆಯುತ್ತದೆ. ಕೇಳದೆ ಗೇಟು ತೆರೆಯುವುದು, ಮನೆ ನಂಬರು ಕಾಣುವಂತೆ ಫೋಟೋ ಹಾಕಿ ಊರಿಗೆಲ್ಲ ಸಾರುವುದು, “ಗುಜರಿಗೆ ಹಾಕ್ತೀರಾ?” ಎನ್ನುವುದು, ಇವು ಮೂರೂ ತಪ್ಪು. ನಿಂತ ಕಾರೆಲ್ಲ ಬಿಟ್ಟುಹೋದ ಕಾರಲ್ಲ. ಎಷ್ಟೋ ಮನೆಗಳಲ್ಲಿ ಅದು ತೀರಿಕೊಂಡ ಹಿರಿಯರ ವಸ್ತು, ಮಾರಲು ಮನಸ್ಸು ಬಾರದೆ ಉಳಿದದ್ದು.

ಉಳಿಸುವ ಕೆಲಸ ನಡೆಯುವುದು ಮೆಕ್ಯಾನಿಕ್‌ಗಳ ಕೈಯಲ್ಲಿ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಶಿವಾಜಿನಗರದ ಗುಜರಿ ಸಾಲು, ಅಕ್ಕಪಕ್ಕದ ಲೇತ್ ಅಂಗಡಿಗಳು ಈ ಹವ್ಯಾಸದ ಬೆನ್ನೆಲುಬು. ಅಂಗಡಿಯಲ್ಲಿ ಸಿಗದ ಬುಶ್‌ಗಳನ್ನು ಲೇತಿನಲ್ಲಿ ಕಡೆದು ಕೊಡುತ್ತಾರೆ. ಟಿಂಕರಿಂಗ್ ಬಲ್ಲ ಹಿರಿಯರು ಬಡಿಗೆ, ಸುತ್ತಿಗೆಯಲ್ಲೇ ಮಡ್‌ಗಾರ್ಡಿನ ಬಾಗನ್ನು ಮರಳಿ ತರುತ್ತಾರೆ. ಹಳೇ ಕಾರು ಕೊಳ್ಳಲು ಹೋಗುವವರು ಜೇಬಿನಲ್ಲಿ ಪುಟ್ಟ ಅಯಸ್ಕಾಂತ ಇಟ್ಟುಕೊಳ್ಳುವುದೂ ಅದಕ್ಕೇ. ಹೊಳೆಯುವ ಬಣ್ಣದ ಕೆಳಗೆ ತಗಡಿದ್ದರೆ ಅದು ಅಂಟುತ್ತದೆ, ಬರೀ ದಪ್ಪ ಪುಟ್ಟಿ ಮೆತ್ತಿದ್ದರೆ ಜಾರಿ ಬೀಳುತ್ತದೆ. ಈ ಹಿರಿಯ ಮೆಕ್ಯಾನಿಕ್‌ಗಳ ಮಕ್ಕಳಲ್ಲಿ ಎಷ್ಟು ಜನ ಕಾರ್ಬುರೇಟರ್ ಟ್ಯೂನ್ ಮಾಡುವುದನ್ನು ಕಲಿತಿದ್ದಾರೆ ಎಂಬುದು ಕಾರುಗಳ ಸಂಖ್ಯೆಗಿಂತ ದೊಡ್ಡ ಚಿಂತೆ.

ಪೆಟ್ರೋಲೂ ಬದಲಾಗಿದೆ. 2000ದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ದೇಶದಲ್ಲಿ ನಿಂತಿತು. ಜನರ ಶ್ವಾಸಕ್ಕೆ ಅದು ಒಳ್ಳೆಯದೇ, ಆದರೆ ಆ ಸೀಸವನ್ನೇ ನಂಬಿದ್ದ ಹಳೇ ಎಂಜಿನ್ನುಗಳ ವಾಲ್ವ್ ಸೀಟುಗಳನ್ನು ಗಟ್ಟಿ ಲೋಹಕ್ಕೆ ಬದಲಾಯಿಸಬೇಕಾಯಿತು. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಹಳೇ ರಬ್ಬರ್ ಪೈಪು, ವಾಷರುಗಳನ್ನು ಎಥನಾಲ್ ಮೆತ್ತಗಾಗಿಸುತ್ತದೆ, ತೇವ ಹೀರಿ ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಇದು ದೊಡ್ಡ ಶತ್ರು. ತಿಳಿದವರು ಪೈಪುಗಳನ್ನೆಲ್ಲ ಬದಲಿಸಿ, ವಾರಕ್ಕೊಮ್ಮೆಯಾದರೂ ಸ್ಟಾರ್ಟ್ ಮಾಡಿ ಒಂದು ಸುತ್ತು ಹೊಡೆಯುತ್ತಾರೆ.

ಕಾನೂನಿನ ವಿಷಯದಲ್ಲಿ 2021ರ ಜುಲೈ ಮುಖ್ಯ. ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿತು. ಹೊಸದಾಗಿ ನೋಂದಣಿ ಮಾಡಿಸಿದರೆ ನಂಬರಿನಲ್ಲಿ ‘ವಿಎ’ ಅಕ್ಷರ ಸೇರುತ್ತದೆ, ಶುಲ್ಕ 20 ಸಾವಿರ ರೂಪಾಯಿ, ಅವಧಿ 10 ವರ್ಷ. ಮೊದಲೇ ನೋಂದಣಿಯಾದವು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಒಂದು ಷರತ್ತಿದೆ: ವಿಂಟೇಜ್ ಎಂದು ನೋಂದಣಿಯಾದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ ರಸ್ತೆಗಿಳಿಯಬಹುದು. ಗುರುವಾರ ರಾಯರ ಮಠಕ್ಕೆ, ಭಾನುವಾರ ಮಗಳ ಮನೆಗೆ ಹಳೇ ಫಿಯೆಟ್ಟಿನಲ್ಲೇ ಹೋಗುವವರಿಗೆ ಇದು ಸರಿಹೊಂದುವುದಿಲ್ಲ. ಅವರು ಆರ್‌ಟಿಒಗೆ ಹೋಗಿ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ಮಾಮೂಲಿ ನೋಂದಣಿಯನ್ನೇ ನವೀಕರಿಸಿಕೊಳ್ಳುತ್ತಾರೆ. ಹದಿನೈದು ವರ್ಷ ದಾಟಿದ ಕಾರಿನ ಈ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ರೂಪಾಯಿಗೆ ಏರಿತು. ಶ್ರದ್ಧೆಯಿಂದ ಓಡಿಸುತ್ತಾ ಉಳಿಸಿದವರಿಗೇ ಹೊರೆ ಹೆಚ್ಚಾಯಿತು ಎಂಬ ಅವರ ಅಳಲಿನಲ್ಲಿ ನ್ಯಾಯವಿದೆ. ಓಡುವ ಕಾರಿಗೆ ಎಣ್ಣೆ ಹರಿಯುತ್ತದೆ, ಬ್ರೇಕ್ ಹಿಡಿದುಕೊಳ್ಳುವುದಿಲ್ಲ, ಬ್ಯಾಟರಿ ಸಾಯುವುದಿಲ್ಲ. ನಿಲ್ಲಿಸಿದರೆ ಎಲ್ಲವೂ ಒಂದೊಂದಾಗಿ ಕೆಡುತ್ತದೆ.

ಈ 50 ವರ್ಷದ ಲೆಕ್ಕ ಹಾಕಿದರೆ ಮೊದಮೊದಲ ಪದ್ಮಿನಿಗಳು ಈಗ ವಿಂಟೇಜ್ ಸಾಲಿಗೆ ಬಂದಿವೆ. ಡಾಲ್ಫಿನ್‌ಗಳಿಗೆ 2032ರವರೆಗೆ ಕಾಯಬೇಕು. ಮೊದಲ ಮಾರುತಿ 800ಕ್ಕೆ 2033. ನಡೆದಾಡುವವರ ಕಣ್ಣು ಈಗ ತಿರುಗುತ್ತಿರುವುದು ಈ ಕೊನೆಯದರತ್ತ. ಅಂಬಾಸಿಡರ್ ಮತ್ತು ಮಾರುತಿ 800, ಎರಡೂ ತಯಾರಿಕೆ ನಿಂತದ್ದು ಒಂದೇ ವರ್ಷ, 2014ರಲ್ಲಿ. ದುಂಡು ಮೂತಿಯ 800ಗಳು ಇನ್ನೂ ಬೇಕಾದಷ್ಟಿವೆ. ಆದರೆ 1983ರಿಂದ 1986ರವರೆಗೆ ಬಂದ ಮೊದಲ ಮಾದರಿ, ಜಪಾನಿನಿಂದ ಬಂದ ಭಾಗಗಳನ್ನು ಜೋಡಿಸಿದ, ಬೆಂಕಿಪೊಟ್ಟಣದಂತೆ ಚೌಕಾಕಾರದ ಪುಟ್ಟ ಕಾರು, ಎಲ್ಲೆಲ್ಲೂ ಇದ್ದದ್ದು ಈಗ ಕಾಣುವುದೇ ಅಪರೂಪ. ಹೆರಾಲ್ಡ್ ಹೀಗೇ ಕರಗುತ್ತಿದ್ದಾಗ ಯಾರೂ ಎಣಿಸಿರಲಿಲ್ಲ. ಮೂರು ಅಕ್ಷರದ ನಂಬರ್ ಪ್ಲೇಟು ಹೊತ್ತ ಚೌಕ ಮೂತಿಯ ಬಿಳಿ 800 ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಮೂಲೆಯಲ್ಲಿ, ಎರಡು ಸೈಕಲ್ ಮತ್ತು ಹಳೇ ವಾಷಿಂಗ್ ಮಷೀನ್ ನಡುವೆ, ನಾಲ್ಕೂ ಟೈರು ಇಳಿದು ಕುಳಿತಿದ್ದರೆ, ಆ ಮನೆಯ ಗಂಟೆ ಒತ್ತಿ ವಿಚಾರಿಸಲು ಭಾನುವಾರವೇ ಆಗಬೇಕೆಂದಿಲ್ಲ.